ಕಾಗದಕ್ಕೆ ಬೇಡ

ಎಂಥ ವೆಬ್ ಪುಟವನ್ನೇ ಕೊಡಿ, ಅದನ್ನು ಒಂದೇ ಹಾಳೆಗೆ ಇಳಿಸುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಆ ಬೀದಿಯವರೆಲ್ಲ ಅವಳನ್ನು ಒಂದ್ಹಾಳೆ ಅಕ್ಕ ಎಂದು ಕರೆಯುತ್ತಿದ್ದರು. ಸರ್ಕಾರಿ ಕಚೇರಿಗಳ ಸಾಲಿಗೆ ಎರಡು ಬೀದಿ ಈಚೆಗೆ ಅವಳ ಪ್ರಿಂಟಿಂಗ್ ಅಂಗಡಿ. ಒಂದು ಕಂಪ್ಯೂಟರ್, ಎರಡು ಪ್ರಿಂಟರ್, ಗಿರಾಕಿಗಳು ಮೊಣಕೈ ಊರಿ ಊರಿ ಬಣ್ಣ ಕಳೆದುಕೊಂಡ ಒಂದು ಮರದ ಕೌಂಟರ್, ಅಷ್ಟೇ ಆಸ್ತಿ.

ವೆಬ್ ಪುಟ ಕಟ್ಟುವ ಮಹಾನುಭಾವರಿಗೆ ಪರದೆಯೊಂದೇ ಪ್ರಪಂಚ. ಅದನ್ನು ಯಾರೋ ಒಬ್ಬರು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು, ಮಡಿಸಿ ಜೇಬಿನಲ್ಲಿಟ್ಟು, ಯಾವುದೋ ಕಿಟಕಿಯ ಮುಂದೆ ನಿಲ್ಲಬೇಕಾಗುತ್ತದೆ ಎಂಬುದು ಅವರ ಕನಸಿಗೂ ಬರುವುದಿಲ್ಲ. ಹಾಗಾಗಿ ಬೇರೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಭಾವಚಿತ್ರದ ಹಣೆ ಒಂದು ಹಾಳೆಯಲ್ಲಿ, ಗಲ್ಲ ಇನ್ನೊಂದು ಹಾಳೆಯಲ್ಲಿ. ಸಹಿ ಹಾಕುವ ಗೆರೆಯೊಂದೇ ಮೂರನೇ ಹಾಳೆಗೆ ಜಾರಿ ಅನಾಥವಾಗಿ ನಿಂತಿರುತ್ತದೆ. ಕಿಟಕಿಯೊಳಗಿನ ಗುಮಾಸ್ತ "ಇದೇನ್ರಿ ಇದು, ಇದಕ್ಕೆ ತಲೆ ಯಾವುದು ಬಾಲ ಯಾವುದು?" ಎಂದು ವಾಪಸು ತಳ್ಳುತ್ತಾನೆ. ಆಗ ಎಲ್ಲರೂ ಒಂದ್ಹಾಳೆ ಅಕ್ಕನ ಅಂಗಡಿಗೇ ಓಡಿ ಬರಬೇಕು.

ಈ ವಿದ್ಯೆ ಅವಳಿಗೆ ಹೇಳಿಕೊಟ್ಟವಳು ಅವಳ ತಂಗಿ. ಬೇರೆ ಊರಿನಲ್ಲಿ ಒಂದು ಕಂಪನಿಗೆ ವೆಬ್ ಪುಟಗಳನ್ನು ಬರೆಯುತ್ತಿದ್ದವಳು. "ಪುಟಕ್ಕೆ ಎರಡು ಬಟ್ಟೆ ಅಕ್ಕ, ಪರದೆಗೆ ಒಂದು, ಕಾಗದಕ್ಕೆ ಒಂದು. ಕಾಗದದ್ದನ್ನ ಯಾರೂ ಹೊಲಿಯಲ್ಲ. ನೀನೇ ಹೊಲ್ಕೋ" ಎಂದು ಒಂದು ರಜೆಯಲ್ಲಿ ಪಕ್ಕ ಕೂತು ಕಲಿಸಿದ್ದಳು. ಅಂಚು ಇಷ್ಟಿರಲಿ, ಅಕ್ಷರ ಇಷ್ಟಾಗಲಿ, ಈ ಪಟ್ಟಿ ನಡುವೆ ಮುರಿಯದಿರಲಿ, ಈ ಪೆಟ್ಟಿಗೆ ಕಾಗದಕ್ಕೆ ಬರುವುದೇ ಬೇಡ. ಹೀಗೆ ಸಣ್ಣ ಸಣ್ಣ ನಿಯಮಗಳು. ಅಕ್ಕ ಅದನ್ನೆಲ್ಲ ಅರೆದು ಕುಡಿದಳು. ಆಮೇಲೆ ಎಲ್ಲ ಪುಟಗಳಲ್ಲೂ "ನಮ್ಮ ಜೊತೆ ಮಾತಾಡಿ" "ನಿಮಗೊಂದು ಸಂದೇಶ" ಎಂದು ಬಣ್ಣಬಣ್ಣದ ಪೆಟ್ಟಿಗೆಗಳು ಎದ್ದು ಜನರ ಭಾವಚಿತ್ರದ ಮೇಲೆಯೇ ಅಚ್ಚಾಗತೊಡಗಿದಾಗ ಅವಳಿಗೆ ರೇಗಿಹೋಯಿತು. ಸಂದೇಶ, ಸೂಚನೆ, ಮಾತುಕತೆ ಅಂತ ಹೆಸರಿರುವ ಯಾವ ಪೆಟ್ಟಿಗೆಯೂ ತನ್ನ ಅಂಗಡಿಯಲ್ಲಿ ಅಚ್ಚಾಗಕೂಡದು ಎಂದು ಒಂದೇ ಏಟಿಗೆ ನಿಯಮ ಬರೆದು, ಯಾವ ಪುಟವನ್ನು ಪ್ರಿಂಟ್ ಮಾಡಿದರೂ ತಾನಾಗಿಯೇ ಜಾರಿಯಾಗುವ ಹಾಗೆ ಕೂರಿಸಿದಳು. ಆ ಕಡತಕ್ಕೆ "ಕಾಗದಕ್ಕೆ ಬೇಡ" ಎಂದೇ ಹೆಸರಿಟ್ಟಳು. ಫೋನಿನಲ್ಲಿ ತಂಗಿಗೆ ಹೆಮ್ಮೆಯಿಂದ ಹೇಳಿಕೊಂಡಾಗ ಅವಳು ನಕ್ಕು, "ಮುಚ್ಚೋದು ಸುಲಭ ಅಕ್ಕ. ಮುಚ್ಚೋ ಮುಂಚೆ ಒಂದ್ಸಲ ಓದ್ಬಿಡು" ಎಂದಿದ್ದಳು. ಅದು ಮೂರು ವರ್ಷದ ಹಿಂದಿನ ಮಾತು. ಅಕ್ಕ ಆ ನಿಯಮ ಇದೆ ಅನ್ನುವುದನ್ನೇ ಮರೆತುಬಿಟ್ಟಿದ್ದಳು.

ಹೋದ ವರ್ಷ ತಂಗಿ ಹದಿನಾರು ದಿನದ ಕಾಯಿಲೆಯಲ್ಲಿ ಹೋಗಿಬಿಟ್ಟಳು. ಗಂಡ ಅನ್ನಿಸಿಕೊಂಡವನು ಮೊದಲೇ ಕೈಬಿಟ್ಟು ಹೋಗಿದ್ದ. ಏಳು ವರ್ಷದ ಮಗಳನ್ನು ಅಕ್ಕಪಕ್ಕದವರು ಸರ್ಕಾರದ ಮಕ್ಕಳ ಮನೆಗೆ ಒಪ್ಪಿಸಿದರು. ಅಕ್ಕ ಮೂರನೇ ದಿನ ಎದ್ದುಬಿದ್ದು ಹೋಗುವಷ್ಟರಲ್ಲಿ ಮಗುವಿನ ಹೆಸರು ದಫ್ತರಿಗೆ ಏರಿ ಆಗಿತ್ತು. ದಫ್ತರಿಗೆ ಏರಿದ್ದನ್ನು ಇಳಿಸಲು ಅರ್ಜಿ ಬೇಕು. ಮಗುವನ್ನು ಈ ಊರಿನ ಮಕ್ಕಳ ಮನೆಗೆ ವರ್ಗ ಮಾಡಿಸುವುದಕ್ಕೇ ನಾಲ್ಕು ತಿಂಗಳಾಯಿತು. ಆಮೇಲೆ ಅಕ್ಕ ಪಾಲನೆಯ ಅರ್ಜಿ ಹಾಕಿದಳು. ಮದುವೆಯ ಗೊಡವೆಗೆ ಹೋಗದ ನಲವತ್ತನಾಲ್ಕು ವರ್ಷದ ಹೆಂಗಸು. "ಒಂಟಿ ಅಂತ ಬರೀಲಾ?" ಎಂದು ಗುಮಾಸ್ತ ಕೇಳಿದಾಗ "ಬರೀರಿ, ಸುಳ್ಳೇನಲ್ಲವಲ್ಲ" ಎಂದಿದ್ದಳು. ಅವನು ಸ್ವೀಕೃತಿಯ ಚೀಟಿ ಕೊಡುತ್ತ ಹೇಳಿದ್ದು ಇಷ್ಟು: "ಇನ್ನು ಏನಿದ್ರೂ ನಿಮ್ಮ ಪುಟದಲ್ಲೇ ಬರುತ್ತೆ. ವಾರಕ್ಕೊಂದ್ಸಲ ನೋಡ್ತಾ ಇರಿ. ಇಲ್ಲಿಗೆ ಬಂದು ಕೇಳ್ಬೇಡಿ. ಪರಿಶೀಲನೆ ಮುಗಿಯೋವರೆಗೂ ಮಗೂನ ನೋಡೋಕೂ ಹೋಗ್ಬೇಡಿ, ಫೋನೂ ಮಾಡ್ಬೇಡಿ."

ಅಕ್ಕ ನೋಡಿದಳು. ಸೋಮವಾರ ಬಂತೆಂದರೆ, ಗಿರಾಕಿಗಳ ನೂಕಾಟದ ನಡುವೆಯೇ ತನ್ನ ಅರ್ಜಿಯ ಸಂಖ್ಯೆ ಒತ್ತಿ, ಪುಟ ತೆರೆದ ಕೂಡಲೇ ಪ್ರಿಂಟ್ ಕೊಟ್ಟುಬಿಡುವಳು. ಪರದೆಯ ಮೇಲೆ ಓದುವ ಅಭ್ಯಾಸ ಅವಳಿಗಿಲ್ಲ. ಅಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ, ಕಣ್ಣೂ ನೋಯುತ್ತದೆ. ಮಧ್ಯಾಹ್ನ ಊಟ ಮಾಡುತ್ತ, ಕನ್ನಡಕ ಏರಿಸಿ, ಹಾಳೆಯನ್ನು ಓದುವಳು. ಮಗುವಿನ ಭಾವಚಿತ್ರ, ಅದರ ಕೆಳಗೆ "ಅರ್ಜಿ ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲು. ಒಂದೇ ಹಾಳೆ, ನೇರ ಅಂಚು, ಚೊಕ್ಕ ಅಚ್ಚು. ಓದಿ, ನಿಟ್ಟುಸಿರು ಬಿಟ್ಟು, ನೀಲಿ ಕಡತದಲ್ಲಿ ಇಡುವಳು. ಹೀಗೆ ಏಳು ವಾರ, ಏಳು ಹಾಳೆ.

ಎಂಟನೇ ಸೋಮವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಗಡಿಯಾರದಜ್ಜ ಬಂದ. ಹಳೇ ಗಡಿಯಾರ ರಿಪೇರಿಯವನು, ಈಗ ಕೈ ನಡುಗುವುದಕ್ಕೆ ಕೆಲಸ ಬಿಟ್ಟಿದ್ದಾನೆ. ಅವನ ಮೊಮ್ಮಗನೂ ಅದೇ ಮಕ್ಕಳ ಮನೆಯಲ್ಲಿದ್ದ. ಅವನೂ ಅದೇ ಇಲಾಖೆಗೆ ಅರ್ಜಿ ಹಾಕಿದ್ದ. ಅಕ್ಕ ಅವನ ಪುಟವನ್ನು ಪ್ರಿಂಟ್ ಹಾಕಿ ಕೊಟ್ಟಳು. ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಲ್ಲಿ ಅದೇ ಇಲ್ವಲ್ಲಮ್ಮ."

"ಏನಿಲ್ಲ ಅಜ್ಜ? ಎಲ್ಲಾ ಇದೆ. ನೋಡಿ, ಎಷ್ಟು ನೀಟಾಗಿ ಬಂದಿದೆ."

"ನೀಟು ಕಟ್ಕೊಂಡು ನಾನೇನ್ ಮಾಡ್ಲಿ? ಹುಡುಗ ಬರೆದಿರೋದು ಬೇಕು ನನಗೆ. ಗೋಡೆಗೆ ಅಂಟಿಸ್ಕೊಳ್ಳೋಣ ಅಂತ ಬಂದೆ. ಅದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೊಟ್ಟಿದೀಯ."

ಅವನು ತನ್ನ ಫೋನನ್ನು ಕೌಂಟರಿನ ಮೇಲಿಟ್ಟು ತೋರಿಸಿದ. ಭಾವಚಿತ್ರದ ಪಕ್ಕದಲ್ಲೇ ಒಂದು ಹಳದಿ ಪೆಟ್ಟಿಗೆ. ಮೇಲೆ "ಮಗುವಿನಿಂದ ಸಂದೇಶ" ಎಂದಿತ್ತು. "ತಾತ ನಾನು ಕಬಡ್ಡಿ ಟೀಮಿಗೆ ಸೇರಿದೆ" ಎಂದು ಬರೆದಿತ್ತು. ಅದರ ಕೆಳಗೆ ಅಜ್ಜನ ಉತ್ತರ. ಅದರ ಕೆಳಗೆ ಮತ್ತೆ ಹುಡುಗನದು.

"ಇದು… ಎಲ್ಲರ ಪುಟದಲ್ಲೂ ಇರುತ್ತಾ?"

"ಹೂಂ ಮತ್ತೆ. ವಾರವಾರ ಮಕ್ಕಳ ಕೈಲಿ ಬರೆಸ್ತಾರೆ. ನಾವು ಬರೆದಿದ್ದನ್ನ ಓದಿ ಹೇಳ್ತಾರೆ. ಯಾಕೆ, ನಿನ್ನ ಮಗು ಬರೆದಿಲ್ವಾ?"

ಅಕ್ಕ ಸಾಲಿನಲ್ಲಿದ್ದವರನ್ನು ಬಿಟ್ಟು, ತನ್ನ ಸಂಖ್ಯೆ ಒತ್ತಿ, ಪುಟ ತೆರೆದು, ಇದೇ ಮೊದಲ ಸಲ ಪ್ರಿಂಟ್ ಕೊಡದೆ ಪರದೆಯನ್ನೇ ನೋಡಿದಳು. ಹಳದಿ ಪೆಟ್ಟಿಗೆ ಅಲ್ಲೇ ಇತ್ತು. ಏಳು ವಾರದಿಂದಲೂ ಅಲ್ಲೇ ಇತ್ತು.

"ದೊಡ್ಡಮ್ಮ, ನಾನು ಚೆನ್ನಾಗಿದೀನಿ. ನೀನು ಬರೆದ್ರೆ ಮಿಸ್ ಓದಿ ಹೇಳ್ತಾರಂತೆ."

"ದೊಡ್ಡಮ್ಮ, ನಿನ್ನ ಮೇಜಿನ ಕೆಳಗೆ ನನ್ನ ಡಬ್ಬಿ ಇದೆಯಾ? ಯಾರಿಗೂ ಕೊಡಬೇಡ."

"ನನ್ನ ಮುಂದಿನ ಹಲ್ಲು ಬಿತ್ತು. ರಕ್ತ ಬಂತು. ನಾನು ಅಳಲಿಲ್ಲ."

"ನೀನು ಓದಿದ್ರೆ ಇಲ್ಲಿ ಹಸಿರು ಚುಕ್ಕೆ ಬರುತ್ತೆ. ಚುಕ್ಕೆ ಬಂದಿದೆ. ಯಾಕೆ ಬರೀಲಿಲ್ಲ?"

"ನಾನು ಜಾಸ್ತಿ ತಿನ್ನಲ್ಲ ದೊಡ್ಡಮ್ಮ. ಗಲಾಟೆ ಮಾಡಲ್ಲ."

"ಡಬ್ಬಿ ಬೇಕಾದ್ರೆ ಯಾರಿಗಾದ್ರೂ ಕೊಡು."

ಏಳನೆಯದು ಹೋದ ವಾರದ್ದು. "ಇವತ್ತು ಏನೂ ಇಲ್ಲ" ಎಂದಷ್ಟೇ ಇತ್ತು.

ಅದರ ಕೆಳಗೆ ಕೆಂಪು ಪೆಟ್ಟಿಗೆ. ಇಲಾಖೆಯ ಸೂಚನೆ. ಮಗುವಿನ ಏಳು ಸಂದೇಶಗಳನ್ನು ಅರ್ಜಿದಾರರು ತೆರೆದು ನೋಡಿಯೂ ಒಂದಕ್ಕೂ ಉತ್ತರಿಸದ ಕಾರಣ ಅವರಿಗೆ ಆಸಕ್ತಿ ಇಲ್ಲವೆಂದು ಭಾವಿಸಲಾಗಿದೆ. ಇಂದು ಸಂಜೆ ನಾಲ್ಕು ಗಂಟೆಯೊಳಗೆ ಖುದ್ದಾಗಿ ಕಾರಣ ತೋರಿಸದಿದ್ದರೆ ಅರ್ಜಿಯನ್ನು ಮುಚ್ಚಿ ಮಗುವನ್ನು ಪಟ್ಟಿಯಲ್ಲಿರುವ ಮುಂದಿನ ಕುಟುಂಬಕ್ಕೆ ಕೊಡಲಾಗುವುದು. ಉತ್ತರ ಬರೆಯುವ ಜಾಗವನ್ನು ಒತ್ತಿದಳು. ಅದು ಬೂದು ಬಣ್ಣಕ್ಕೆ ತಿರುಗಿತ್ತು, ಒಂದಕ್ಷರವೂ ಮೂಡಲಿಲ್ಲ.

"ಅಯ್ಯೋ ನನ್ನ ಕೈಗೆ ಹಾವು ಕಚ್ಚ" ಎಂದಳು ಅಕ್ಕ, ಗಟ್ಟಿಯಾಗಿಯೇ. ನಿಯಮ ಬರೆದ ಕೈ ಅದೇ ಅಲ್ಲವೇ. ಯಾರ ಮೇಲೆ ಗೂಬೆ ಕೂರಿಸೋಣವೆಂದರೂ ಅಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಿ ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಅಂಗಡಿಯನ್ನು ಅಜ್ಜನ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು.

ಇಲಾಖೆಯ ಕಚೇರಿ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದರು. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಪಾಲನೆಯ ಅರ್ಜಿಗಳನ್ನು ನೋಡುವ ಅಧಿಕಾರಿ ಮೇಡಮ್ಮಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾದು ಒಳಗೆ ಹೋಗುವಾಗ ಮೂರು ಗಂಟೆಗೆ ಹತ್ತು ನಿಮಿಷವಿತ್ತು. ಮೇಡಂ ಐವತ್ತು ದಾಟಿದ ಹೆಂಗಸು. ಕೆಟ್ಟವರಲ್ಲ. ಆದರೆ ದಿನಕ್ಕೆ ಹತ್ತು ಜನರ ಕಣ್ಣೀರು ನೋಡುವವರಿಗೆ ಹನ್ನೊಂದನೆಯವರದು ನೀರೇ ಅನ್ನಿಸುತ್ತದೆ.

"ನಾನು ನೋಡಿರ್ಲಿಲ್ಲ ಮೇಡಂ. ಸಂದೇಶ ಬಂದಿರೋದೇ ಗೊತ್ತಿರ್ಲಿಲ್ಲ."

ಮೇಡಂ ತಮ್ಮ ಪರದೆಯನ್ನು ನೋಡಿದರು. "ಏಳು ಸೋಮವಾರವೂ ತೆರೆದಿದೀರಿ. ಸಮಯದ ಸಮೇತ ಇದೆ. ತೆರೆಯದೇ ಇದ್ದಿದ್ರೆ ಮರೆತಿದ್ರು ಅನ್ನಬಹುದಿತ್ತು. ತೆರೆದೂ ಬರೀಲಿಲ್ಲ ಅಂದ್ರೆ ಅದಕ್ಕೆ ಏನನ್ಬೇಕು?"

"ತೆರೆದೆ, ಆದ್ರೆ ಓದಿದ್ದು ಕಾಗದದಲ್ಲಿ. ಕಾಗದದಲ್ಲಿ ಅದು ಬಂದೇ ಇಲ್ಲ, ನೋಡಿ." ಅಕ್ಕ ಏಳು ಹಾಳೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಳು.

ಮೇಡಂ ಒಂದೊಂದನ್ನೂ ಎತ್ತಿ ನೋಡಿದರು. "ಇದರಲ್ಲಿ ತಾರೀಕೇ ಇಲ್ಲವಲ್ಲ. ಪ್ರಿಂಟ್ ಹಾಕಿದ್ರೆ ಮೂಲೇಲಿ ತಾರೀಕು, ವಿಳಾಸ ಬರುತ್ತೆ. ಇದು ಯಾವಾಗ ಹಾಕಿದ್ದು, ಈಗ ಅರ್ಧ ಗಂಟೆ ಮುಂಚೇನಾ?"

ಅಕ್ಕ ನಾಲಿಗೆ ಕಚ್ಚಿಕೊಂಡಳು. ಆ ಮೂಲೆಯ ತಾರೀಕಿನ ಸಾಲನ್ನು ಕಿತ್ತುಹಾಕಿದವಳೂ ಅವಳೇ. ಅದೊಂದು ಸಾಲು ಉಳಿದರೆ ಎಷ್ಟೋ ಪುಟಗಳು ಎರಡನೇ ಹಾಳೆಗೆ ಹಾರುತ್ತಿದ್ದವು. ಚೊಕ್ಕ ಮಾಡಿ ಮಾಡಿ, ತನ್ನ ಪರವಾಗಿ ಬಾಯಿಬಿಡಬಹುದಾಗಿದ್ದ ಸಾಕ್ಷಿಯನ್ನೂ ಚೊಕ್ಕ ಮಾಡಿಬಿಟ್ಟಿದ್ದಳು.

ಮೇಡಂ ಒಂದು ಗುಂಡಿ ಒತ್ತಿದರು. ಮೂಲೆಯ ಪ್ರಿಂಟರ್ ಗೊರಗುಟ್ಟಿ ಅದೇ ಪುಟವನ್ನು ಹೊರಹಾಕಿತು. ಹಳದಿ ಪೆಟ್ಟಿಗೆ, ಕೆಂಪು ಪೆಟ್ಟಿಗೆ, ಮೂಲೆಯಲ್ಲಿ ತಾರೀಕು, ಎಲ್ಲ ಸೇರಿ ಮೂರು ಹಾಳೆ. "ನೋಡಿ, ಬರುತ್ತಲ್ಲ."

"ನಿಮ್ಮಲ್ಲಿ ಬರುತ್ತೆ ಮೇಡಂ. ನನ್ನಲ್ಲಿ ಬರಲ್ಲ. ನಾನೇ ಬರದ ಹಾಗೆ ಮಾಡಿಟ್ಟಿದ್ದೆ. ಬೇಕಾದ್ರೆ ನಿಮ್ಮ ಕಂಪ್ಯೂಟರಲ್ಲೇ ಒಂದು ಸಾಲು ಬರೆದು ಮಾಯ ಮಾಡಿ ತೋರಿಸ್ತೀನಿ."

"ಈಗ ಮಾಯ ಮಾಡಿ ತೋರಿಸಿದ್ರೆ ಆಗಲೂ ಮಾಯ ಆಗಿತ್ತು ಅಂತ ಹೇಗ್ರಿ ನಂಬೋದು?" ಮೇಡಂ ಕನ್ನಡಕ ತೆಗೆದರು. ದನಿ ಸ್ವಲ್ಪ ಇಳಿಯಿತು. "ನೋಡಿ, ನಿಮ್ಮನ್ನ ಸುಳ್ಳಿ ಅಂತಿಲ್ಲ. ಆದ್ರೆ ಪಟ್ಟಿಯಲ್ಲಿ ಇನ್ನೆರಡು ಕುಟುಂಬ ಇದೆ. ಗಂಡ ಹೆಂಡತಿ, ಮನೆ, ಎಲ್ಲಾ ಸರಿಯಾಗಿದೆ. ನಾಲ್ಕಕ್ಕೆ ಈ ಅರ್ಜಿ ತಾನಾಗೇ ಮುಚ್ಚಿಹೋಗುತ್ತೆ. ಅದಕ್ಕೆ ಮುಂಚೆ ನನಗೊಂದು ಕಾರಣ ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋ ಅಂಥದ್ದು."

ಅಕ್ಕ ಗೋಡೆ ಗಡಿಯಾರ ನೋಡಿದಳು. ಮೂರು ಹತ್ತು. "ನಿಯಮ ಬರೆದ ತಾರೀಕು ನನ್ನ ಕಂಪ್ಯೂಟರಲ್ಲಿದೆ. ಮೂರು ವರ್ಷದ ಹಿಂದಿಂದು. ಅದನ್ನ ತಂದು ತೋರಿಸಿದ್ರೆ?"

"ತಂದು ಅಂದ್ರೆ?"

ಅಷ್ಟು ಹೊತ್ತಿಗೆ ಅವಳು ಬಾಗಿಲು ದಾಟಿ ಆಗಿತ್ತು.

ಅಂಗಡಿಯಲ್ಲಿ ಗಿರಾಕಿಗಳ ಸಾಲು ಬೀದಿಗಿಳಿದಿತ್ತು. ಅಜ್ಜ "ಬರ್ತಾಳೆ, ಬರ್ತಾಳೆ" ಎಂದು ಎಲ್ಲರನ್ನೂ ಸುಧಾರಿಸುತ್ತ ನಿಂತಿದ್ದ. ಅಕ್ಕ ಮೇಜಿನ ಕೆಳಗೆ ನುಗ್ಗಿ ಕಂಪ್ಯೂಟರಿನ ವೈರುಗಳನ್ನು ಒಂದೊಂದಾಗಿ ಕೀಳತೊಡಗಿದಳು. "ನನ್ನ ಹಾಲ್ ಟಿಕೆಟ್ಟು!" ಎಂದು ಒಬ್ಬಳು ಕೂಗಿಕೊಂಡಳು. "ನನ್ನ ಫಾರ್ಮು ಅರ್ಧ ತುಂಬಿದೆ ಕಣ್ರಿ!" ಎಂದು ಇನ್ನೊಬ್ಬ ಹಾರಾಡಿದ. ಯಾರು ಏನೆಂದರೂ ಅವಳ ಕಿವಿಗೆ ಬೀಳಲಿಲ್ಲ. ಗೋಡೆಯ ಸಂದಿಯಲ್ಲಿ, ಧೂಳಿನ ನಡುವೆ, ಒಂದು ತಗಡಿನ ಡಬ್ಬಿ ಕೈಗೆ ತಗುಲಿತು. ರಜೆಗೆ ಬಂದಾಗಲೆಲ್ಲ ಮಗು ಈ ಮೇಜಿನ ಕೆಳಗೇ ಬಿಡಾರ ಹೂಡುತ್ತಿತ್ತು. ಕೆಟ್ಟ ಪ್ರಿಂಟುಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿತ್ತು. ಡಬ್ಬಿಯಲ್ಲಿ ಬಣ್ಣದ ಕ್ಲಿಪ್ಪುಗಳು, ಮೋಟು ಪೆನ್ಸಿಲುಗಳು, ಅವರಮ್ಮನ ಒಂದು ಮುರಿದ ಕಿವಿಯೋಲೆ. ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಹೊರಬಿದ್ದಳು.

"ನಿಲ್ಲು, ಒಬ್ಬಳೇ ಬಿದ್ದು ಸಾಯ್ತೀಯ" ಎಂದು ಅಜ್ಜ ಇನ್ನೊಂದು ಬದಿಗೆ ಕೈ ಕೊಟ್ಟ. ನಡುಗುವ ಕೈಯದು, ಭಾರ ಹೊತ್ತಿತೋ, ತಾನೇ ಭಾರವಾಯಿತೋ ಹೇಳುವುದು ಕಷ್ಟ. ಆದರೂ ಜೊತೆಗೊಬ್ಬರಿದ್ದಾರೆ ಎಂಬುದಕ್ಕೇ ಅವಳ ಕಾಲಿಗೆ ಬಲ ಬಂತು. ಬರಿಗಾಲಿಗೆ ರಸ್ತೆ ಸುಡುತ್ತಿತ್ತು. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಒಂದೇ ಮಾತು. "ಜಾಸ್ತಿ ತಿನ್ನಲ್ಲ ಅಂತೆ ಅಜ್ಜ. ಗಲಾಟೆ ಮಾಡಲ್ಲ ಅಂತೆ."

"ಅಳ್ಬೇಡ, ಮುಂದೆ ನೋಡ್ಕೊಂಡು ನಡಿ" ಎನ್ನುತ್ತಿದ್ದ ಅಜ್ಜನೂ ಅಳುತ್ತಿದ್ದ.

ಕಚೇರಿಯ ಬಾಗಿಲಲ್ಲಿ ಜವಾನ ಅಡ್ಡ ನಿಂತ. "ಹೊರಗಿನ ಮಿಷನ್ ಒಳಗೆ ಬಿಡೋ ಹಾಗಿಲ್ಲ."

"ಇದು ಮಿಷನ್ ಅಲ್ಲಪ್ಪ, ಸಾಕ್ಷಿ" ಎಂದ ಅಜ್ಜ. "ಸಾಕ್ಷೀನ ಬಾಗಿಲಲ್ಲಿ ತಡೆದೆ ಅಂತ ನಾಳೆ ನಿನ್ನ ಹೆಸರೂ ಬರೀತಾರೆ, ನೋಡ್ಕೋ."

ಜವಾನನಿಗೆ ಅರ್ಥವಾಯಿತೋ ಬಿಟ್ಟಿತೋ, ಹೆಸರು ಬರೆಯುತ್ತಾರೆ ಎಂದದ್ದಕ್ಕೆ ಪಕ್ಕಕ್ಕೆ ಸರಿದ. ಮೂರು ಮಹಡಿ ಹತ್ತಿ ಪೆಟ್ಟಿಗೆಯನ್ನು ಮೇಡಮ್ಮಿನ ಮೇಜಿನ ಮೇಲೆ ಇಳಿಸಿದಾಗ ಗೋಡೆಯ ಮೇಲೆ ಮೂರು ನಲವತ್ತೆರಡು. ಮೇಡಂ ಎದ್ದು ನಿಂತುಬಿಟ್ಟರು. ಅವರ ನೌಕರಿಯಲ್ಲಿ ಜನ ಏನೇನೋ ಹೊತ್ತು ತಂದಿದ್ದರು, ಇದನ್ನು ಮಾತ್ರ ಯಾರೂ ತಂದಿರಲಿಲ್ಲ.

ಅಕ್ಕ ಕೇಳಿ ಕೆಲಸ ಮಾಡಲಿಲ್ಲ. ಕಚೇರಿಯ ಪರದೆ, ಕೀಲಿಮಣೆ, ಇಂಟರ್ನೆಟ್ಟಿನ ವೈರು, ಪ್ರಿಂಟರ್, ಎಲ್ಲವನ್ನೂ ಕಿತ್ತು ತನ್ನ ಪೆಟ್ಟಿಗೆಗೆ ಚುಚ್ಚಿದಳು. ಹಳೇ ಕಂಪ್ಯೂಟರ್, ಏಳುವುದಕ್ಕೆ ಆಮೆಗಿಂತ ನಿಧಾನ. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಮೂರು ನಲವತ್ತೆಂಟು. "ಏಳೇ, ನಿನ್ನ ದಮ್ಮಯ್ಯ, ಏಳೇ" ಎಂದು ಅಕ್ಕ ಅದರ ಬೆನ್ನು ತಟ್ಟಿದಳು. ಪ್ರಿಂಟರಿನ ಪರಿಚಯ ಅದಕ್ಕಿರಲಿಲ್ಲ; ಪರಿಚಯ ಮಾಡಿಕೊಳ್ಳುವುದಕ್ಕೆ ಇನ್ನೂ ನಾಲ್ಕು ನಿಮಿಷ ತಿಂದಿತು. ಮೂರು ಐವತ್ತನಾಲ್ಕಕ್ಕೆ ಪುಟ ತೆರೆದುಕೊಂಡಿತು. ಪರದೆಯ ಮೇಲೆ ಹಳದಿ ಪೆಟ್ಟಿಗೆ ಇದೆ, ಕೆಂಪು ಪೆಟ್ಟಿಗೆ ಇದೆ.

"ನೋಡ್ಕೊಳ್ಳಿ ಮೇಡಂ, ನಾನು ಏನೂ ಮುಟ್ಟಿಲ್ಲ" ಎಂದು ಅಕ್ಕ ಪ್ರಿಂಟ್ ಕೊಟ್ಟಳು.

ಅದೇ ಪ್ರಿಂಟರ್, ಅದೇ ಕಾಗದ. ಒಂದೇ ಒಂದು ಹಾಳೆ ಹೊರಬಂತು. ಮಗುವಿನ ಭಾವಚಿತ್ರ, ಕೆಳಗೆ "ಅರ್ಜಿ ಪರಿಶೀಲನೆಯಲ್ಲಿದೆ." ನೇರ ಅಂಚು, ಚೊಕ್ಕ ಅಚ್ಚು. ಮಗು ಒಂದು ಮಾತನ್ನೂ ಆಡಿದ ಗುರುತು ಅದರಲ್ಲಿ ಇರಲಿಲ್ಲ.

ಮೇಡಂ ಹಾಳೆಯನ್ನು ಏಳು ಹಾಳೆಗಳ ಪಕ್ಕ ಇಟ್ಟು ನೋಡಿದರು. ಎಂಟೂ ಒಂದೇ ಅಚ್ಚು. ಅಕ್ಕ "ಕಾಗದಕ್ಕೆ ಬೇಡ" ಕಡತವನ್ನು ತೆರೆದು ತೋರಿಸಿದಳು. ಕೊನೆಯ ಬದಲಾವಣೆಯ ತಾರೀಕು ಮೂರು ವರ್ಷ ಹಳೆಯದು. ಮೇಡಂ ಆ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಪಕ್ಕದ ಗುಮಾಸ್ತನ ಕಂಪ್ಯೂಟರಿಗೆ ಹೋಗಿ, ಬಗ್ಗಿ ನಿಂತೇ ಏನೋ ಒತ್ತಿದರು. ಗೋಡೆಯ ಗಡಿಯಾರ ನಾಲ್ಕಕ್ಕೆ ಎರಡು ನಿಮಿಷ ತೋರಿಸುತ್ತಿತ್ತು.

"ಕಾರಣ ಒಪ್ಪಿದೀನಿ. ಉತ್ತರದ ಜಾಗ ತೆರೆದಿದೀನಿ."

ಅಕ್ಕ ಕೈ ಮುಗಿಯಲು ಹೋದಳು. ಮೇಡಂ ತಡೆದರು. "ಇನ್ನೂ ಮುಗಿದಿಲ್ಲ. ನಾನು ನಂಬಿದ್ರೆ ಅರ್ಧ ಕೆಲಸ ಅಷ್ಟೇ. ಮಗು ಹೋದ ವಾರ ಮಿಸ್ ಹತ್ರ ಏನಂದಿದೆ ಗೊತ್ತಾ? ದೊಡ್ಡಮ್ಮ ಬೇಡ, ಬೇರೆ ಯಾರ ಮನೆಗಾದ್ರೂ ಹೋಗ್ತೀನಿ ಅಂದಿದೆ. ಮಗು ಬೇಡ ಅಂದ್ಮೇಲೆ ನಾನು ಬಲವಂತ ಮಾಡೋ ಹಾಗಿಲ್ಲ. ಐದಕ್ಕೆ ಕಚೇರಿ ಮುಚ್ಚುತ್ತೆ, ಅಷ್ಟರೊಳಗೆ ಅದು ನಿಮಗೆ ಉತ್ತರ ಕೊಟ್ರೆ ಸರಿ. ಇಲ್ಲಾಂದ್ರೆ ಪಟ್ಟಿ ಮುಂದಕ್ಕೆ ಹೋಗುತ್ತೆ."

"ಒಂದ್ಸಲ ಫೋನಲ್ಲಿ ಮಾತಾಡ್ಲಾ ಮೇಡಂ? ಒಂದೇ ಒಂದ್ಸಲ."

"ಅದು ನನ್ನ ಕೈಲಿಲ್ಲ. ಬರೀರಿ."

ಮೇಡಂ ಮಕ್ಕಳ ಮನೆಗೆ ಫೋನು ಮಾಡಿ, ಮಗು ಶಾಲೆಯಿಂದ ಬಂದಿದ್ದರೆ ಕಂಪ್ಯೂಟರಿನ ಮುಂದೆ ಕೂರಿಸಿ ಎಂದರು. ಅಕ್ಕ ಕೀಲಿಮಣೆಯ ಮೇಲೆ ಬೆರಳಿಟ್ಟಳು. ಯಾರ್ಯಾರದೋ ಬದುಕನ್ನೆಲ್ಲ ಒಂದು ಹಾಳೆಯಲ್ಲಿ ಕೂರಿಸಿದವಳಿಗೆ ಈಗ ಒಂದು ಸಾಲು ಹುಟ್ಟಲಿಲ್ಲ. ತಪ್ಪಾಯ್ತು ಎಂದು ಬರೆದು ಅಳಿಸಿದಳು. ನಿಯಮ, ಪ್ರಿಂಟು, ಪೆಟ್ಟಿಗೆ ಎಂದು ಬರೆದು, ಇದು ಮಗುವಿಗೆ ಏನು ಅರ್ಥವಾದೀತು ಎಂದು ಅದನ್ನೂ ಅಳಿಸಿದಳು. ಕೊನೆಗೆ ಸೊಂಟದಿಂದ ಡಬ್ಬಿ ತೆಗೆದು ಮುಂದಿಟ್ಟುಕೊಂಡು ಬರೆದಳು.

"ಡಬ್ಬಿ ಇಲ್ಲೇ ನನ್ನ ಹತ್ರಾನೇ ಇದೆ ಮರಿ. ಯಾರಿಗೂ ಕೊಟ್ಟಿಲ್ಲ. ನೀನು ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚುಕ್ಕೆ ಬಂದಿದ್ರೂ ಬಿದ್ದಿರಲಿಲ್ಲ. ನನ್ನದೇ ತಪ್ಪು. ನೀನು ಎಷ್ಟು ಬೇಕಾದ್ರೂ ತಿನ್ನು, ಎಷ್ಟು ಬೇಕಾದ್ರೂ ಗಲಾಟೆ ಮಾಡು. ನನ್ನ ಜೊತೆ ಬಾ."

ಕಳಿಸಿದಳು. ನಾಲ್ಕು ಇಪ್ಪತ್ತಕ್ಕೆ ಆ ಸಾಲಿನ ಪಕ್ಕ ಒಂದು ಹಸಿರು ಚುಕ್ಕೆ ಬಂತು.

ಆಮೇಲೆ ಏನೂ ಬರಲಿಲ್ಲ. ಚುಕ್ಕೆ ಹಾಗೇ ಕೂತಿತ್ತು. ಓದಿದೆ. ಓದಿ ಸುಮ್ಮನಿದೆ. ಆ ಹಸಿರನ್ನು ನೋಡಿಕೊಂಡು ಕಾಯುವುದು ಹೇಗಿರುತ್ತದೆಂದು ಅಕ್ಕನಿಗೆ ಈಗ ಗೊತ್ತಾಯಿತು. ಏಳು ವರ್ಷದ್ದು ಏಳು ವಾರ ಕಾದಿತ್ತು; ಅವಳ ಕೈಯಲ್ಲಿ ಏಳು ನಿಮಿಷ ತಡೆಯಲಾಗಲಿಲ್ಲ. ಎದ್ದಳು, ಕೂತಳು. ಅಜ್ಜ ಅವಳ ಕೈ ಮೇಲೆ ಕೈಯಿಟ್ಟ. ನಾಲ್ಕು ನಲವತ್ತಾಯಿತು. ಜವಾನ ಬಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ. ಗುಮಾಸ್ತರು ಚೀಲ ಹೆಗಲಿಗೇರಿಸಿದರು. ನಾಲ್ಕು ಐವತ್ತೈದು. ಬೇಡ ಅಂದಿದ್ದು ನಿಜವೇ ಇರಬೇಕು, ಯಾಕೆ ಬೇಕು ಅನ್ನಬೇಕು, ನಾನಾಗಿದ್ದರೂ ಬೇಡ ಅನ್ನುತ್ತಿದ್ದೆ ಎಂದುಕೊಂಡಳು. ಗೋಡೆಯ ಮುಳ್ಳು ಐದು ದಾಟಿತು. ಜವಾನ ದೀಪದ ಗುಂಡಿಯ ಮೇಲೆ ಕೈಯಿಟ್ಟು ಮೇಡಮ್ಮಿನ ಮುಖ ನೋಡಿದ. ಮೇಡಂ ತಲೆ ಎತ್ತದೆ, "ಒಂದು ಕಡತ ಸಿಕ್ತಿಲ್ಲ, ಇರು" ಎಂದು ಆಗಲೇ ಮೂರು ಸಲ ನೋಡಿ ಮುಚ್ಚಿದ್ದ ಬೀರುವನ್ನು ಮತ್ತೆ ತೆಗೆದರು.

ಐದು ಗಂಟೆ ಆರು ನಿಮಿಷಕ್ಕೆ ಹಳದಿ ಪೆಟ್ಟಿಗೆಯಲ್ಲಿ ಒಂದು ಸಾಲು ಮೂಡಿತು. ಸಣ್ಣ ಬೆರಳು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಬರೆದದ್ದು.

"ಹಾಗಾದ್ರೆ ನನ್ನ ಹಲ್ಲು ಬಿದ್ದಿದ್ದೂ ನಿನಗೆ ಗೊತ್ತಿಲ್ವಾ?"

ಮೇಲೆ, ಬೆರಳಳತೆಯ ದೂರದಲ್ಲಿ, ಮೂರನೇ ವಾರದ ಸಾಲು ಕಾಣಿಸುತ್ತಲೇ ಇತ್ತು. ಮುಂದಿನ ಹಲ್ಲು, ರಕ್ತ, ಅಳಲಿಲ್ಲ, ಎಲ್ಲವೂ ಅಕ್ಕನಿಗೆ ಬಾಯಿಪಾಠವಾಗಿ ಹೋಗಿತ್ತು. ಅವಳು ಕಣ್ಣೊರೆಸಿಕೊಂಡು ಬರೆದಳು.

"ಗೊತ್ತಿಲ್ಲ ಮರಿ. ಹೇಳು."